ಮಾಮನನ್ನು ಹೊರಗೆ ಕಳಿಸಿ

ಕ್ಯಾಶುವಾಲ್ಟಿಗೆ ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೆ ಉಪಯೋಗವಾಗುವಂತೆ ಏನಾದರೂ ಬರೆದುಕೊಡಿ ಎಂದು ಡೊಂಬಿವಲಿಯ ನಮ್ಮ ಕನ್ನಡ ಸಂಘದವರು ಕೇಳಿದರು. ಸ್ಫೂರ್ತಿ ಕೊಡುವಂತಿರಲಿ ಎಂದೂ ಸೇರಿಸಿದರು. ಅದು ನನ್ನಿಂದಾಗದು. ಥಾಣೆಯ ಆಸ್ಪತ್ರೆಯೊಂದರ ತುರ್ತು ವಿಭಾಗದಲ್ಲಿ ವೈದ್ಯೆಯಾಗಿ ತಲೆ ನರೆಯುವವರೆಗೆ ದುಡಿದು ಮನೆಗೆ ಬಂದಿದ್ದೇನೆ. ಬರುವಾಗ ಶಾಲು, ಹಣ್ಣಿನ ಬುಟ್ಟಿ ಕೊಟ್ಟರು. ಅವರು ಕೊಡದೆಯೂ ನಾನು ತಂದದ್ದು ಸಿಟ್ಟು. ಬರೆಯುವುದಾದರೆ ಅದನ್ನೇ ಬರೆಯಬೇಕು.

ಸಿಟ್ಟಿನಲ್ಲಿ ಹೇಳಿದ ನೆನಪನ್ನು ಪೂರ್ತಿ ನಂಬಬಾರದು ಎಂಬುದು ನನಗೂ ಗೊತ್ತು. ಮೈಸೂರಿನಲ್ಲಿ ಓದುತ್ತಿದ್ದಾಗಿನಿಂದ ದಿನಚರಿ ಬರೆಯುತ್ತೇನೆ. ನನಗೆ ಚೆನ್ನಾಗಿ ನೆನಪಿದೆ ಎಂದುಕೊಂಡ ಎಷ್ಟೋ ಸಂಗತಿಗಳು ಅದರಲ್ಲಿ ಬೇರೆಯೇ ರೀತಿ ಇರುತ್ತವೆ. ಆದ್ದರಿಂದ ಅನುಮಾನ ಇರುವ ಕಡೆ ಅನುಮಾನ ಇದೆ ಎಂದೇ ಹೇಳುತ್ತೇನೆ.

ನಾನು ಸೇರಿದ ಕಾಲದಲ್ಲಿ ನಮ್ಮಲ್ಲಿಗೆ ಬರುತ್ತಿದ್ದದ್ದು ಲೋಕಲ್ ಟ್ರೇನಿನಿಂದ ಬಿದ್ದವರು, ಕೀಟನಾಶಕ ಕುಡಿದವರು, ಕುಡಿದು ಹೊಡೆದಾಡಿದವರು, ಎದೆನೋವಿನ ಹಿರಿಯರು. ಕೊಕೇನ್ ಎಂಬುದು ದಕ್ಷಿಣ ಮುಂಬಯಿಯ ಶ್ರೀಮಂತರ ಕಾಯಿಲೆ, ಖಾಡಿ ಎಂಬ ಕಡಲ ಹಿನ್ನೀರು ದಾಟಿ ನಮ್ಮ ಕಡೆ ಬರುವುದಿಲ್ಲ ಎಂದೇ ನಂಬಿದ್ದೆವು. ಹಾಗೆ ನಂಬಿದ್ದಾಗಲೇ ನವಿ ಮುಂಬಯಿಯ ಕಚೇರಿಯೊಂದರ ಹುಡುಗ ಎದೆ ಹಿಡಿದುಕೊಂಡು ಬಂದ. ನಾಡಿ ಓಡುತ್ತಿತ್ತು, ಬಿಪಿ ಏರಿತ್ತು. ಹೃದಯ ವಿಭಾಗದ ಮುಖ್ಯಸ್ಥರು ನಾಡಿ ಇಳಿಸುವ ಮಾಮೂಲಿ ಇಂಜೆಕ್ಷನ್ ಹೇಳಿದರು, ಕೊಟ್ಟೆವು. ನಾಡಿ ಇಳಿಯಿತು, ನೋವು ಮಾತ್ರ ಹೆಚ್ಚಿತು, ಬಿಪಿ ಇನ್ನೂ ಮೇಲೆ ಹೋಯಿತು. ಹುಡುಗ ಹೇಗೋ ಬದುಕಿದ. ಅವನು ಏನು ಸೇದಿದ್ದ ಎಂದು ಗೆಳೆಯನೊಬ್ಬ ಮರುದಿನ ಹೇಳಿದ, ಅದೂ ಲಿಫ್ಟಿನಲ್ಲಿ, ನೆಲ ನೋಡುತ್ತಾ. ಮುಖ್ಯಸ್ಥರಿಗೆ ತಿಳಿಸಿದಾಗ ಅವರು, "ಬಚ್ ಗಯಾ ನಾ? ಫಿರ್?" ಎಂದರು. ಬದುಕಿದನಲ್ಲ, ಮತ್ತೇನು ಎಂಬ ಆ 'ಫಿರ್' ನನ್ನನ್ನು ಪುಸ್ತಕಗಳ ಮುಂದೆ ಕೂರಿಸಿತು.

ಓದಿ ತಿಳಿದದ್ದನ್ನು ಸರಳವಾಗಿ ಹೇಳುತ್ತೇನೆ. ಕೊಕೇನ್ ಹೃದಯವನ್ನು ಓಡಿಸುತ್ತದೆ. ಅದೇ ಹೊತ್ತಿಗೆ ಹೃದಯಕ್ಕೆ ರಕ್ತ ಒಯ್ಯುವ ನಾಳಗಳನ್ನು ಹಿಂಡುತ್ತದೆ. ಹೆಚ್ಚು ರಕ್ತ ಬೇಕಾದ ಹೊತ್ತಿಗೇ ರಕ್ತ ಕಡಿಮೆಯಾಗುತ್ತದೆ. ನಾಡಿ ಇಳಿಸಲು ನಮ್ಮ ಕೈ ತಾನಾಗಿ ಹೋಗುವ ಬೀಟಾ ಬ್ಲಾಕರ್ ಒಂದು ದಾರಿಯನ್ನು ಮುಚ್ಚುತ್ತದೆ. ಡೊಂಬಿವಲಿ ಸ್ಟೇಷನ್ನಿನಲ್ಲಿ ಒಂದು ಮೆಟ್ಟಿಲಿಗೆ ಹಗ್ಗ ಕಟ್ಟಿದರೆ ಜನ ಇನ್ನೊಂದಕ್ಕೆ ನುಗ್ಗುವುದಿಲ್ಲವೇ? ಹಾಗೆ ಕೊಕೇನಿನ ಜೋರೆಲ್ಲ ನಾಳ ಹಿಂಡುವ ಕಡೆಗೆ ತಿರುಗಬಹುದು. ಕ್ಯಾಲ್ಸಿಯಂ ಚಾನೆಲ್ ಬ್ಲಾಕರ್ ಎಂಬ ಗುಂಪಿನ ಮದ್ದುಗಳು, ಡಿಲ್ಟಿಯಾಜೆಮ್, ವೆರಪಾಮಿಲ್, ಕೆಲಸ ಮಾಡುವ ಬಗೆ ಬೇರೆ. ನಾಳದ ಗೋಡೆಯ ಸ್ನಾಯು ಬಿಗಿಯಲು ಅದರೊಳಗೆ ಕ್ಯಾಲ್ಸಿಯಂ ಹೋಗಬೇಕು. ಇವು ಆ ದ್ವಾರವನ್ನು ಮುಚ್ಚುತ್ತವೆ. ಬಿಗಿದದ್ದು ಸಡಿಲಾಗುತ್ತದೆ, ನಾಡಿಯೂ ಇಳಿಯುತ್ತದೆ. ಹಾಗೆಂದು ಇದು ಮೊದಲ ಮದ್ದಲ್ಲ. ಮೊದಲು ರೋಗಿಯನ್ನು ಶಾಂತಗೊಳಿಸುವ ಲೊರಾಜೆಪಾಮ್‌ನಂಥದ್ದು, ಆಸ್ಪಿರಿನ್, ನಾಲಿಗೆಯಡಿಯ ನೈಟ್ರೋಗ್ಲಿಸರಿನ್. ಅದಕ್ಕೂ ಬಗ್ಗದಿದ್ದರೆ ಇದು. ಬಿಪಿ ಕುಸಿದವರಿಗೆ, ಹೃದಯ ಸೋತವರಿಗೆ ಬೇಡ. ಬೀಟಾ ಬ್ಲಾಕರ್ ನಾವು ಹೆದರಿದಷ್ಟು ಕೆಟ್ಟದ್ದಲ್ಲ ಎಂದು ವಾದಿಸುವವರೂ ಈಗ ಇದ್ದಾರೆ. ಇರಬಹುದು. ಆ ವಾದವನ್ನು ನಡೆಸಲಿಕ್ಕಾದರೂ ರೋಗಿ ಏನು ಸೇದಿದ್ದಾನೆ ಎಂದು ಮೊದಲು ಗೊತ್ತಾಗಬೇಕು. ನನ್ನ ಸಿಟ್ಟೆಲ್ಲ ಈ ಒಂದು ವಾಕ್ಯದಲ್ಲಿದೆ.

ನವೀನ ಎಂಬ ಇನ್ನೊಬ್ಬ ಹುಡುಗ ಬಂದದ್ದು ಕೆಲವು ವರ್ಷಗಳ ಮೇಲೆ, ತನ್ನ ನಿಶ್ಚಿತಾರ್ಥದ ದಿನ. ಕೋಪರಿಯ ಹಾಲ್ ಒಂದರಲ್ಲಿ ಸಮಾರಂಭ. ಉಡುಪಿ ಕಡೆಯ ಕುಟುಂಬ. ಭಿವಂಡಿಯ ಗೋದಾಮುಗಳಲ್ಲಿ ಕ್ಯಾಂಟೀನ್ ನಡೆಸುವ ಕೆಲಸ. ಅಪ್ಪ ಬೇಗ ತೀರಿಹೋಗಿದ್ದರಿಂದ ಸೋದರಮಾವ ಸದಾನಂದರೇ ಅವನನ್ನು ಬೆಳೆಸಿದ್ದರು. ಅವರ ಕಡೆ ಅಪ್ಪ ಇದ್ದರೂ ಸೋದರಮಾವನ ಮಾತಿಗೆ ತೂಕ ಹೆಚ್ಚು. ಇಲ್ಲಿ ಅಪ್ಪನೂ ಅವರೇ. ಸ್ಟ್ರೆಚರಿನ ಒಂದು ಬದಿ ಗಂಡಿನ ಕಡೆಯವರು, ಇನ್ನೊಂದು ಬದಿ ಹೆಣ್ಣಿನ ಕಡೆಯವರು, ಎಲ್ಲರೂ ರೇಷ್ಮೆಯಲ್ಲಿ. ತಾಂಬೂಲ ಅಲ್ಲೇ ಬದಲಾಯಿಸಿಕೊಳ್ಳುತ್ತಾರೇನೋ ಅನ್ನಿಸಿತು. ತಾಯಿ ವಸಂತಿ ಮಾತ್ರ ಬಂದಿರಲಿಲ್ಲ. ಗ್ಯಾಸ್ ಅಷ್ಟೆ, ನೀನು ಅತಿಥಿಗಳನ್ನು ನೋಡಿಕೋ ಎಂದು ಅಣ್ಣ ಅವರನ್ನು ಹಾಲ್‌ನಲ್ಲೇ ಬಿಟ್ಟು ಬಂದಿದ್ದರು.

ಹುಡುಗ ಬೆವರುತ್ತಿದ್ದ. ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಕಣ್ಣಿನ ಪಾಪೆಗಳು ಅಷ್ಟು ಬೆಳಕಿನಲ್ಲೂ ಅಗಲವಾಗಿದ್ದವು. ಇಸಿಜಿ ಹೃದಯಕ್ಕೆ ರಕ್ತ ಸಾಲುತ್ತಿಲ್ಲ ಎನ್ನುತ್ತಿತ್ತು.

"ಏನಾದರೂ ತಗೊಂಡಿದ್ದೀಯಾ?" ಎಂದು ಅವನನ್ನು ಕೇಳಿದೆ.

"ಇಡ್ಲಿ, ಮತ್ತೆ ಒಂದು ಬನ್ಸ್," ಎಂದರು ಸದಾನಂದ.

"ನಿಮ್ಮನ್ನು ಕೇಳಲಿಲ್ಲ. ಇಡ್ಲಿಯ ವಿಷಯವೂ ಅಲ್ಲ. ನಶೆಯದ್ದು ಏನಾದರೂ?"

"ಎಂತ ಡಾಕ್ಟ್ರೇ ಕೇಳುವುದು ನೀವು! ಸಣ್ಣದಿರುವಾಗಿನಿಂದ ನನ್ನ ಕೈಯಲ್ಲೇ ಬೆಳೆದ ಹುಡುಗ. ಬೀಡಿ ಸಹ ಮುಟ್ಟಿದವನಲ್ಲ."

ಹೆಣ್ಣಿನ ಕಡೆಯ ಹಿರಿಯರೊಬ್ಬರು ಸಮಾಧಾನದಿಂದ ತಲೆಯಾಡಿಸಿದರು. ಅಂದರೆ ಆ ಉತ್ತರ ನನಗೆ ಕೊಟ್ಟದ್ದಲ್ಲ, ಅವರಿಗೆ ಕೊಟ್ಟದ್ದು. ನವೀನ ಇಲ್ಲೇ ಹುಟ್ಟಿ ಬೆಳೆದವನು, ಕನ್ನಡ ಅರ್ಥವಾದರೂ ಉತ್ತರ ಹಿಂದಿಯಲ್ಲಿ. "ನಹೀ ಆಂಟಿ, ಕುಛ್ ನಹೀ," ಎಂದ, ಮಾಮನ ಮುಖ ನೋಡುತ್ತಾ.

ಆಸ್ಪಿರಿನ್, ನೈಟ್ರೋಗ್ಲಿಸರಿನ್ ಕೊಟ್ಟು ಮುಖ್ಯಸ್ಥರಿಗೆ ಫೋನ್ ಮಾಡಿದೆ. "ಪಲ್ಸ್ ಇತನಾ ಭಾಗ್ ರಹಾ ಹೈ, ಮೆಟೊಪ್ರೊಲಾಲ್ ದೇ ದೋ ಮೇಡಂ. ಸೋಚ್ನಾ ಕ್ಯಾ ಹೈ?" ಎಂದರು. ಅದೇ ಹಳೆಯ ಬೀಟಾ ಬ್ಲಾಕರ್, ಕೊಟ್ಟುಬಿಡಿ, ಯೋಚಿಸುವುದೇನಿದೆ ಎಂಬ ಅದೇ ಅಭ್ಯಾಸಬಲ. ಪಾಪೆ ನೋಡಿ ನನಗೆ ಕೊಕೇನಿನ ಅನುಮಾನ ಇದೆ ಎಂದೆ. "ಅನುಮಾನಕ್ಕೆ ಇಸಿಜಿಯಲ್ಲಿ ಗೆರೆ ಬರುತ್ತಾ?" ಎಂದು ಮರಾಠಿಯಲ್ಲಿ ಹೇಳಿ ನಕ್ಕರು. ಇಂಜೆಕ್ಷನ್ ಸಿರಿಂಜಿಗೆ ಬಂದೂ ಆಗಿತ್ತು. ಕೊಡಬೇಡಿ, ಒಂದು ನಿಮಿಷ ಇರಿ ಎಂದು ನರ್ಸಿಗೆ ಹೇಳಿದೆ.

ಆಗ ಮದುಮಗಳು ಸಹನಾ ಕೈತೊಳೆಯುವ ನಲ್ಲಿಯ ಹತ್ತಿರ ನನ್ನ ಹಿಂದೆ ಬಂದಳು. ಐರೋಲಿಯ ಹುಡುಗಿ, ಕಂಪನಿಯೊಂದರಲ್ಲಿ ಕೆಲಸ. ಅವಳ ಸೀರೆ ಹಸಿರೆಂದು ನನ್ನ ನೆನಪು. ಬೇರೆ ಯಾವುದೋ ಮದುಮಗಳ ಸೀರೆಯೂ ಇರಬಹುದು. ಮಾತು ಮಾತ್ರ ಅವಳದೇ.

"ಮೇಡಂ, ವೋ ಲೇತಾ ಹೈ. ಕೋಕ್, ಕೊಕೇನ್. ನಿನ್ನೆ ವಾಶಿಯಲ್ಲಿ ಫ್ರೆಂಡ್ಸ್ ಪಾರ್ಟಿ ಇತ್ತು. ಇವತ್ತೂ ತಗೊಂಡಿರ್ತಾನೆ. ಬಿಡ್ತೀನಿ ಅಂತ ಪ್ರಾಮಿಸ್ ಮಾಡಿದ್ಮೇಲೇ ನಾನು ಎಂಗೇಜ್‌ಮೆಂಟಿಗೆ ಹೂಂ ಅಂದಿದ್ದು."

"ಇದನ್ನು ನೀನು ಹೇಳಿದ್ದು ಅಂತ ಗೊತ್ತಾದರೆ?"

"ಗೊತ್ತಾಗಲಿ. ಮರ್ ಗಯಾ ತೋ? ಅವನೇ ಸತ್ತೋದ್ರೆ ನಾನೇನ್ ಮಾಡ್ಲಿ?"

ನಾನು ಪರದೆಯೊಳಗೆ ಹೋಗಿ ಎಲ್ಲರನ್ನೂ ಹೊರಗೆ ಹೋಗಲು ಹೇಳಿದೆ. ಬೇರೆಯವರು ಹೋದರು. ಸದಾನಂದ ಮಂಚದ ಕಂಬಿ ಹಿಡಿದು ನಿಂತರು.

"ನಾನು ಇವನ ಮಾವ. ನನ್ನೆದುರು ಹೇಳಲಿಕ್ಕಾಗದ್ದು ಎಂತ ಉಂಟು ಇವನಿಗೆ?"

"ಇದೆ. ಅದಕ್ಕೇ ಹೋಗಿ ಅನ್ನುತ್ತಿರುವುದು."

"ಹೆಣ್ಣಿನವರೆಲ್ಲ ಹೊರಗೆ ನಿಂತಿದ್ದಾರೆ ಮಾರಾಯ್ರೆ. ನನ್ನನ್ನೂ ಓಡಿಸಿದ್ರೆ ಅವರು ಎಂತ ತಿಳ್ಕೊಳ್ಳಬೇಕು?"

ಹುಡುಗನ ಎದೆಗೆ ರಕ್ತ ಸಾಲುತ್ತಿಲ್ಲ, ಇವರಿಗೆ ಹೆಣ್ಣಿನವರ ಚಿಂತೆ. ನಾನು ಕೂಗಿದೆ. ಏನು ಕೂಗಿದೆನೋ ನೆನಪಿಲ್ಲ. ಇಡೀ ವಿಭಾಗಕ್ಕೆ ಕೇಳಿಸಿತಂತೆ. ಅವರು ಹೋದ ಮೇಲೆ ನವೀನ ಒಪ್ಪಿಕೊಂಡ. ನಿನ್ನೆ ಪಾರ್ಟಿಯಲ್ಲಿ, ಇವತ್ತು ಬೆಳಿಗ್ಗೆ ಹಾಲ್‌ನ ಡ್ರೆಸ್ಸಿಂಗ್ ರೂಮಿನಲ್ಲಿ ಸ್ವಲ್ಪ, ಫ್ರೆಶ್ ಆಗೋಕೆ. ಹೇಳುವಾಗ ಅತ್ತ. "ಮಾಮ ಕೋ ಮತ್ ಬತಾನಾ ಆಂಟಿ," ಎಂದ, ಮಾಮನಿಗೆ ಹೇಳಬೇಡಿ ಎಂದು.

ಸಿರಿಂಜಿನಲ್ಲಿದ್ದದ್ದನ್ನು ಚೆಲ್ಲಿಸಿದೆ. ಲೊರಾಜೆಪಾಮ್ ಕೊಟ್ಟೆವು, ಕಾಲು ನಿಂತಿತು. ಬಿಪಿ ಸ್ವಲ್ಪ ಇಳಿದರೂ ನೋವು ಉಳಿದಿತ್ತು. ಮಾನಿಟರ್ ಮೇಲೆ ಕಣ್ಣಿಟ್ಟು ಡಿಲ್ಟಿಯಾಜೆಮ್ ನಿಧಾನವಾಗಿ ರಕ್ತನಾಳಕ್ಕೆ ಬಿಟ್ಟೆ. ನಾಡಿ ಇಳಿಯಿತು, ಇಸಿಜಿಯ ಗೆರೆ ತನ್ನ ಜಾಗಕ್ಕೆ ಮರಳತೊಡಗಿತು. "ಆಂಟಿ, ಯಾರೋ ಎದೆ ಮೇಲಿಂದ ಎದ್ದುಹೋದ ಹಾಗಾಯ್ತು," ಎಂದು ಅವನು ಹಿಂದಿಯಲ್ಲಿ ಹೇಳಿದ. ಈ ವೃತ್ತಿಯಲ್ಲಿ ಸಂತೋಷ ಎನ್ನುವುದು ಏನಾದರೂ ಇದ್ದರೆ ಅದು ಇಷ್ಟೇ ಹೊತ್ತಿನದು.

ಮುಖ್ಯಸ್ಥರು ಬಂದರು. ನಾನು ಹೇಳಿದ್ದನ್ನು ಕೇಳಿ ಅವರ ಮುಖ ಕೆಂಪಾಯಿತು. ತಪ್ಪು ಮದ್ದು ಹೇಳಿದೆನಲ್ಲ ಎಂದಲ್ಲ; "ಯಾಕೆ ಕೇಳಿದಿರಿ? ಈಗ ಪೊಲೀಸು, ವಿಚಾರಣೆ ಅಂತ ಯಾರು ಅಲೆಯೋದು?" ಎಂದು. ಮರುದಿನ ಆಂಜಿಯೋಗ್ರಾಮ್ ಮಾಡಿ, ಎಲ್ಲೂ ಅಡಚಣೆ ಕಾಣದ ಮೇಲೆ ಸದಾನಂದರ ಬೆನ್ನು ತಟ್ಟಿ, "ಏಕ್‌ದಂ ಕ್ಲೀನ್. ಶಾದಿ ಕಾ ಟೆನ್ಷನ್," ಎಂದರು. ನಾಳ ಸ್ವಚ್ಛವಾಗಿರುವುದು ಇಂಥ ರೋಗಿಗೆ ರಕ್ಷಣೆಯಲ್ಲ, ಸ್ವಚ್ಛವಾದ ನಾಳವನ್ನೇ ಕೊಕೇನ್ ಹಿಂಡುತ್ತದೆ ಎಂದು ನಾನು ಹೇಳತೊಡಗಿದೆ. ಯಾರಿಗೆ ಬೇಕಿತ್ತು ಅದು? ಅವರಿಗೆ ಬೇಕಾಗಿದ್ದ ಒಂದು ಪದ ಸಿಕ್ಕಿಯಾಗಿತ್ತು. ಕ್ಲೀನ್.

ಬಿಡುಗಡೆಯ ಮುನ್ನ ನವೀನನಿಗೆ ಒಬ್ಬನಿಗೇ ಹೇಳಿದೆ: "ಬಿಡು. ಬಿಡಲಾಗದಿದ್ದರೆ ಬಾ, ಬಿಡಿಸುವವರಿದ್ದಾರೆ. ಎಲ್ಲಿಯಾದರೂ ಎದೆನೋವು ಬಂದರೆ ಹೆಸರು ಹೇಳುವ ಮೊದಲು ಇದನ್ನು ಹೇಳು." ಸದಾನಂದರಿಗೂ, ಅವನ ಒಪ್ಪಿಗೆ ಪಡೆದು, ಹೇಳಿದೆ. ಅವರು, "ಆಯ್ತು ಡಾಕ್ಟ್ರೇ. ಇದು ಇಲ್ಲಿಗೇ ಇರ್ಲಿ," ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ಅದನ್ನೂ ಬರೆಯಬೇಕು, ಅವರು ರಾಕ್ಷಸರಾಗಿದ್ದರೆ ನನ್ನ ಸಿಟ್ಟಿಗೆ ಸುಲಭವಾಗುತ್ತಿತ್ತು.

ಕೆಲವು ವಾರಗಳ ನಂತರ ಸಹನಾ ಫೋನ್ ಮಾಡಿದಳು. ಗಂಡಿನ ಕಡೆಯವರೇ ಸಂಬಂಧ ಮುರಿದಿದ್ದರು. ಅವಳು ನನ್ನೊಂದಿಗೆ ಮಾತಾಡಿದ್ದನ್ನು ಯಾರೋ ನೋಡಿದ್ದರಂತೆ. ಆಸ್ಪತ್ರೆಯಲ್ಲಿ ಹುಡುಗನ ಮಾನ ತೆಗೆದವಳು ಮನೆಯಲ್ಲಿ ಇನ್ನೇನು ಮಾಡಿಯಾಳು ಎಂದರಂತೆ. ನವೀನ ಅವಳ ಕರೆ ತೆಗೆಯುತ್ತಿರಲಿಲ್ಲ. "ಪರವಾಗಿಲ್ಲ ಮೇಡಂ," ಎಂದಳು. ಪರವಾಗಿಲ್ಲ! ಅವನ ಜೀವ ಉಳಿಸಿದ್ದು ನನ್ನ ಡಿಲ್ಟಿಯಾಜೆಮ್ ಎಂದು ನಾನು ಹೆಮ್ಮೆಪಡಬಹುದು. ಆದರೆ ಅದನ್ನು ಶೀಷೆಯಿಂದ ಹೊರತೆಗೆಸಿದ್ದು ಆ ಹುಡುಗಿಯ ಮಾತು. ಆ ಮನೆಯಲ್ಲಿ ನಿಜ ಹೇಳುತ್ತಿದ್ದ ಒಬ್ಬಳೇ ಒಬ್ಬಳನ್ನು ಅವರು ಆಚೆ ಕಳಿಸಿದರು.

ಮುಂದಿನದು ನಡೆದದ್ದು ನಾನು ನಿವೃತ್ತಳಾದ ಮೇಲೆ, ಕಲ್ಯಾಣಿನಲ್ಲಿ. ನನ್ನ ಕೈಕೆಳಗೆ ತರಬೇತಾದ ಅನಿರುದ್ಧ ಅಲ್ಲಿನ ನರ್ಸಿಂಗ್ ಹೋಮ್ ಒಂದರಲ್ಲಿದ್ದ. ವರ್ತಕ ನಗರದ ಹುಡುಗ, ಬೆಂಗಳೂರು ಮೂಲದ ಮನೆತನ, ಬಹಳ ವಿನಯ. ಒಂದು ಮಧ್ಯಾಹ್ನ ಫೋನ್ ಮಾಡಿದ.

"ಮೇಡಂ, ನೀವು ಯಾವಾಗಲೂ ಹೇಳ್ತಿದ್ರಲ್ಲ, ನಿಶ್ಚಿತಾರ್ಥದ ಪೇಶೆಂಟ್. ಭಿವಂಡಿ ಕ್ಯಾಂಟೀನ್ ಅವರು. ಅವರ ಹೆಸರು ನವೀನ ಅಂತಾನಾ?"

ಹೌದು ಎಂದೆ. ಅವನು ನಡೆದದ್ದನ್ನು ಹೇಳಿದ.

ಭಿವಂಡಿಯ ಗೋದಾಮಿನಲ್ಲಿ ಎದೆ ನೋವೆಂದು ಕುಸಿದವನನ್ನು ಸದಾನಂದರೇ ಕಾರಿನಲ್ಲಿ ಕರೆತಂದಿದ್ದರು. ಜೊತೆಗೆ ನೆಂಟರು, ಕ್ಯಾಂಟೀನಿನ ಕೆಲಸದವರು. ಬೀಟಾ ಬ್ಲಾಕರ್ ಕೊಟ್ಟ ಮೇಲೆ ಬಿಪಿ ಹಾರಿತು, ನೋವು ಹೆಚ್ಚಿತು, ಹೃದಯದ ಲಯ ಕೆಟ್ಟಿತು, ನಿಂತಿತು. ಮತ್ತೆ ಹೊಡೆಯಲಿಲ್ಲ. ಜೇಬಿನಲ್ಲಿದ್ದ ಪೊಟ್ಟಣ ಸಿಕ್ಕಿದ್ದು ಆಮೇಲೆ.

"ಕೇಳಲಿಲ್ಲವೇನೋ ನೀನು?"

"ಕೇಳ್ದೆ ಮೇಡಂ. ಏನಾದ್ರೂ ಡ್ರಗ್ಸ್ ತಗೊಳ್ತಾರಾ ಅಂತ ಕೇಳ್ದೆ. ಅಂಕಲ್ ಇಲ್ಲ ಅಂದ್ರು, ಅವನೂ ಇಲ್ಲ ಅಂತ ತಲೆಯಾಡಿಸ್ದ."

"ಅಂಕಲ್ ಎಲ್ಲಿದ್ದರು?"

"ಬೆಡ್ ಪಕ್ಕಾನೇ. ಅವನ ಕೈ ಹಿಡ್ಕೊಂಡಿದ್ರು. ಅಷ್ಟು ಹಿರಿಯರು, ಅಳ್ತಿದ್ರು ಬೇರೆ. ಹೊರಗೆ ಹೋಗಿ ಅಂತ ಹೇಗೆ ಹೇಳೋದು ಮೇಡಂ?"

ಹೊಸದಾಗಿ ಬರುವವರೇ, ಮದ್ದುಗಳ ಪಟ್ಟಿ ನಿಮ್ಮ ಫೋನಿನಲ್ಲೇ ಇದೆ, ಅದಕ್ಕೆ ನನ್ನ ಅಗತ್ಯವಿಲ್ಲ. ನಮ್ಮ ಜನರ ನಡುವೆ ಪ್ರಶ್ನೆ ಕೇಳಿದರೆ ಸಾಲದು, ಯಾರೆದುರು ಕೇಳಿದಿರಿ ಎಂಬುದು ಮುಖ್ಯ. ಹಿರಿಯರ ಎದುರು ನಮ್ಮ ಮಕ್ಕಳು ನಿಜ ಹೇಳುವುದಿಲ್ಲ. ನೆಂಟರ ಎದುರು ಹಿರಿಯರು ನಿಜ ಹೇಳುವುದಿಲ್ಲ. ಇದನ್ನು ನಾವು ಮರ್ಯಾದೆ ಎನ್ನುತ್ತೇವೆ. ಆ ಮರ್ಯಾದೆಗೆ ವೈದ್ಯರೂ ತಲೆಬಾಗಿದರೆ ಮಂಚದ ಮೇಲಿರುವವನಿಗೆ ಯಾರಿದ್ದಾರೆ? ಹೊರಗೆ ಕಳಿಸಿ. ಅಳುತ್ತಿದ್ದರೂ ಕಳಿಸಿ, ಬೈದರೂ ಕಳಿಸಿ. ಕೇಳಿಸಿಕೊಂಡದ್ದನ್ನು ಪೊಲೀಸರ ಹೆದರಿಕೆಗೆ, ಮುಖ್ಯಸ್ಥರ ಹೆದರಿಕೆಗೆ ನುಂಗಬೇಡಿ.

ಉತ್ತರಕ್ರಿಯೆಗೆ ಹೋದೆ. ಹೋಗಬಾರದಿತ್ತೇನೋ. ಊಟದ ಹೊತ್ತಿಗೆ ಸದಾನಂದ ನನ್ನನ್ನು ಹೊರಗಿನ ಮೆಟ್ಟಿಲ ಬಳಿ ಕರೆದರು. ಬಹಳ ಇಳಿದುಹೋಗಿದ್ದರು.

"ಡಾಕ್ಟ್ರೇ, ಒಂದು ಕೇಳ್ತೇನೆ. ನಾನು ಆ ದಿವಸ ಹೌದು ಅಂತ ಹೇಳಿದ್ರೆ ಇವನು ಬದುಕ್ತಿದ್ದನಾ?"

ಸಿಟ್ಟಿನ ಉತ್ತರ ನಾಲಿಗೆಯ ತುದಿಯಲ್ಲಿತ್ತು. ಆದರೆ ಅದು ನಿಜವೆಂದು ನಾನು ಪ್ರಮಾಣ ಮಾಡಲಾರೆ. ಆ ಪುಡಿ ಯಾವ ಇಂಜೆಕ್ಷನ್ನೂ ಇಲ್ಲದೆ ಕೊಲ್ಲಬಲ್ಲದು. ನನ್ನ ಡಿಲ್ಟಿಯಾಜೆಮ್ ಎರಡನೇ ಸಲವೂ ಗೆಲ್ಲುತ್ತಿತ್ತೆಂದು ಹೇಳುವವರು ಯಾರು?

"ಗೊತ್ತಿಲ್ಲ," ಎಂದೆ. "ಆದರೆ ಬದುಕುವ ಅವಕಾಶ ಹೆಚ್ಚಿತ್ತು. ಮದ್ದು ಬೇರೆ ಇತ್ತು."

ಅವರು ಕೈಮುಗಿದು ಒಳಗೆ ಹೋದರು. ನಾನು ಚಪ್ಪಲಿ ಹುಡುಕುತ್ತಿದ್ದೆ. ಒಳಗಿಂದ ಅವರ ದನಿ ಕೇಳಿಸಿತು, ನೆಂಟರಿಗೆ ಹೇಳುತ್ತಿದ್ದರು: "ಡಾಕ್ಟ್ರಮ್ಮ ಸಹ ಹೇಳಿದ್ರು. ಎಂತ ಮಾಡಿದ್ರೂ ಆಗ್ತಿರ್ಲಿಲ್ಲಂತೆ. ಹಾರ್ಟೇ ವೀಕ್ ಅಂತೆ."

ನಾನು ಅಷ್ಟು ಜಾಗ್ರತೆಯಿಂದ ಅಳೆದು ಆಡಿದ ಮಾತನ್ನು ಅವರು ಒಂದೇ ನಿಮಿಷದಲ್ಲಿ ಹೊದಿಕೆ ಮಾಡಿಕೊಂಡಿದ್ದರು. ಒಳಗೆ ಊಟದ ಸಾಲಿನಲ್ಲಿ ನವೀನನ ವಯಸ್ಸಿನ ಹುಡುಗರು ಕುಳಿತಿದ್ದರು. ವಾಶಿಯ ಪಾರ್ಟಿಯವರೂ ಅವರಲ್ಲಿ ಇದ್ದಿರಬಹುದು. ಚಪ್ಪಲಿ ಬಿಟ್ಟು ಒಳಗೆ ಹೋದೆ. ಸತ್ತವನ ಗುಟ್ಟನ್ನೂ ವೈದ್ಯರು ಕಾಯಬೇಕು. ಆ ನಿಯಮ ನನಗೆ ತಿಳಿಯದ್ದಲ್ಲ. ಮುರಿದೆ. ಮುರಿದದ್ದು ಸರಿಯೋ ಎಂದು ಇವತ್ತಿಗೂ ಕೇಳಿಕೊಳ್ಳುತ್ತೇನೆ.

"ನಾನು ಹಾಗೆ ಹೇಳಲಿಲ್ಲ ಸದಾನಂದರೇ. ಅವನ ಹಾರ್ಟ್ ವೀಕ್ ಆಗಿರಲಿಲ್ಲ. ಅವನು ಕೊಕೇನ್ ತಗೊಳ್ಳುತ್ತಿದ್ದ. ಡಾಕ್ಟರಿಗೆ ಅದನ್ನು ಯಾರೂ ಹೇಳಲಿಲ್ಲ. ಹುಡುಗರೇ, ನಿಮ್ಮಲ್ಲಿ ಯಾರಾದರೂ ತಗೊಳ್ಳುತ್ತಿದ್ದರೆ ಕೇಳಿಸಿಕೊಳ್ಳಿ. ಎದೆನೋವು ಬಂದರೆ ಮೊದಲು ಹೇಳಬೇಕಾದದ್ದು ಅದು."

ಯಾರೂ ತಲೆ ಎತ್ತಲಿಲ್ಲ. ಮೂಲೆಯಲ್ಲಿ ಹೆಂಗಸರ ನಡುವೆ ಕುಳಿತಿದ್ದ ವಸಂತಿ ಎದ್ದು ನಿಂತರು. ನನ್ನ ಕಡೆ ನೋಡಲಿಲ್ಲ, ಅಣ್ಣನ ಕಡೆ ತಿರುಗಿದರು.

"ಹಾಗಾದ್ರೆ ಆ ಹುಡುಗಿ ಹೇಳಿದ್ದು ಸುಳ್ಳಲ್ವಾ ಅಣ್ಣ?"

ಸದಾನಂದ ಅವರನ್ನು ಕೈ ಹಿಡಿದು ಕೂರಿಸಲು ಹೋದರು.

"ಸಂಬಂಧ ಬಿಡ್ಲಿಕ್ಕೆ ಅವಳು ಕಥೆ ಕಟ್ಟಿದ್ದು ಅಂತ ನೀವೇ ಹೇಳಿದ್ದಲ್ವಾ ನನಗೆ?"

"ವಸಂತಿ, ಈಗ ಬೇಡ. ಜನ ಇದ್ದಾರೆ."

"ಇರ್ಲಿ. ನಾನು ಅವಳಿಗೆ ಫೋನ್ ಮಾಡಿ ಬಾಯಿಗೆ ಬಂದ ಹಾಗೆ ಬೈದಿದ್ದೇನೆ ಅಣ್ಣ. ಹೆತ್ತವರನ್ನು ಸೇರಿಸಿ ಬೈದಿದ್ದೇನೆ. ಆ ಮಗು ಫೋನ್ ಇಡ್ಲಿಲ್ಲ, ಪೂರಾ ಕೇಳಿತು. ಕಡೆಗೆ, ಆಂಟಿ, ಅವನನ್ನು ಒಬ್ಬನೇ ಬಿಡ್ಬೇಡಿ ಅಂತ ಮಾತ್ರ ಹೇಳಿತು. ಅದಕ್ಕೂ ಬೈದೆ."